ಬೀಳದಿದ್ದರೆ, ತಡವಾಗದಿದ್ದರೆ: ಟೂರ್ ಡಿ ಫ್ರಾನ್ಸ್‌ನಲ್ಲಿ ಕೂಡಿ ಕಳೆಯಲಾಗದ ಸೆಕೆಂಡುಗಳು

ಪ್ರಶ್ನೆ: ಮೂರು ವಾರಗಳ ಸೈಕಲ್ ಸ್ಪರ್ಧೆಯಾದ ಟೂರ್ ಡಿ ಫ್ರಾನ್ಸ್‌ನ ಇತಿಹಾಸವನ್ನು ಓದುವಾಗಲೆಲ್ಲ ‘ಹೀಗಾಗದಿದ್ದರೆ’ ಎಂಬ ಯೋಚನೆ ಬರುತ್ತದೆ. 1971ರಲ್ಲಿ ಲೂಯಿಸ್ ಒಕಾನ್ಯ ಬೀಳದಿದ್ದರೆ ಎಡ್ಡಿ ಮರ್ಕ್ಸ್ ಸೋಲುತ್ತಿದ್ದರೇ? 1989ರಲ್ಲಿ ಪೆಡ್ರೊ ಡೆಲ್ಗಾಡೊ ತಡವಾಗಿ ಬರದಿದ್ದರೆ ಯಾರು ಗೆಲ್ಲುತ್ತಿದ್ದರು? 1987ರಲ್ಲಿ ಗ್ರೆಗ್ ಲೆಮಾಂಡ್ ಅವರಿಗೆ ಗುಂಡು ತಗುಲದಿದ್ದರೆ ಅವರು ಐದು ಬಾರಿ ಗೆಲ್ಲುತ್ತಿದ್ದರೇ? ಅವಘಡದಲ್ಲಿ ಕಳೆದುಕೊಂಡ ಸಮಯವನ್ನು ಅಂತಿಮ ಅಂತರದಿಂದ ಕಳೆದುಬಿಟ್ಟರೆ ಉತ್ತರ ಸಿಗುತ್ತದಲ್ಲವೇ?

ಉತ್ತರ: ಒಂದು ಸಂಖ್ಯೆಯೇನೋ ಸಿಗುತ್ತದೆ, ಆದರೆ ಅದು ಬಹುತೇಕ ತಪ್ಪು ಉತ್ತರವಾಗಿರುತ್ತದೆ. ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತು ಎಂಬ ಗಾದೆಯನ್ನು ಹೇಳಿ ಇಂಥ ಪ್ರಶ್ನೆಗಳನ್ನು ನಕ್ಕು ತಳ್ಳಿಹಾಕುವವರಿದ್ದಾರೆ. ನಾನು ಆ ಪಂಗಡದವನಲ್ಲ. ಈ ಪ್ರಶ್ನೆಗಳಲ್ಲಿ ಕೆಲವಕ್ಕೆ ನಿಜವಾಗಿಯೂ ಉತ್ತರಿಸಬಹುದು, ಕೆಲವಕ್ಕೆ ಅರ್ಧ ಮಾತ್ರ ಉತ್ತರಿಸಬಹುದು. ಯಾವುದು ಯಾವ ಬಗೆಯದೆಂದು ತಿಳಿಯಬೇಕಾದರೆ, ರಸ್ತೆ ಸೈಕ್ಲಿಂಗ್‌ನಲ್ಲಿ ಸಮಯದ ಅಂತರ ಎಂಬುದು ಸ್ಪರ್ಧೆಯ ಫಲ ಮಾತ್ರವಲ್ಲ, ಮರುದಿನದ ಸ್ಪರ್ಧೆಗೆ ಕಾರಣವೂ ಹೌದು ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇದಕ್ಕೆ 2010ರ ಟೂರ್‌ಗಿಂತ ಚೊಕ್ಕವಾದ ನಿದರ್ಶನ ನನಗೆ ಗೊತ್ತಿಲ್ಲ. ಆ ವರ್ಷ ಪೋರ್ ಡಿ ಬಲೆಸ್ ಏರಿನಲ್ಲಿ, ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿಯಲ್ಲಿದ್ದ ಆಂಡಿ ಶ್ಲೆಕ್ ಅವರ ಸೈಕಲ್ಲಿನ ಚೈನು ಜಾರಿತು; ಅವರು ಇಳಿದು ಅದನ್ನು ಸರಿಪಡಿಸಿಕೊಳ್ಳುತ್ತಿದ್ದಾಗ ಆಲ್ಬೆರ್ಟೊ ಕೊಂಟಡೋರ್ ಮುಂದೆ ಹೋದರು. ಆ ದಿನ ಶ್ಲೆಕ್ ಕಳೆದುಕೊಂಡದ್ದು 39 ಸೆಕೆಂಡು. ಪ್ಯಾರಿಸ್‌ನಲ್ಲಿ ಇಬ್ಬರ ನಡುವಿನ ಅಂತಿಮ ಅಂತರವೂ 39 ಸೆಕೆಂಡು. ನಿಮ್ಮ ಲೆಕ್ಕದ ಪ್ರಕಾರ ಚೈನು ಜಾರದಿದ್ದರೆ ಇಬ್ಬರೂ ಸರಿಸಮ. ಆದರೆ ನಡುವೆ ಏನಾಯಿತೆಂದು ನೋಡಿ. ಅದುವರೆಗೆ 31 ಸೆಕೆಂಡು ಮುಂದಿದ್ದ ಶ್ಲೆಕ್ ಆ ಸಂಜೆ 8 ಸೆಕೆಂಡು ಹಿಂದೆ ಬಿದ್ದರು. ಎರಡು ಹಂತಗಳ (ಹಂತವೆಂದರೆ ಒಂದು ದಿನದ ಓಟ) ನಂತರ ಟೂರ್ಮಲೆ ಪರ್ವತದ ಮೇಲೆ, ಮಂಜಿನ ನಡುವೆ, ದಾಳಿ ಮಾಡಬೇಕಾದವರು ಶ್ಲೆಕ್ ಆದರು. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಟೈಮ್ ಟ್ರಯಲ್‌ನಲ್ಲಿ ತಾನೇ ಮೇಲು ಎಂದು ಬಲ್ಲ ಕೊಂಟಡೋರ್, ಶ್ಲೆಕ್ ಅವರ ಹಿಂಚಕ್ರಕ್ಕೆ ಅಂಟಿಕೊಂಡು ಏರಿದರು. ಇಬ್ಬರೂ ಒಟ್ಟಿಗೆ ತುದಿ ಮುಟ್ಟಿದರು. ಕೊನೆಯ ಟೈಮ್ ಟ್ರಯಲ್‌ನಲ್ಲಿ ಶ್ಲೆಕ್ ಇನ್ನೂ 31 ಸೆಕೆಂಡು ಬಿಟ್ಟುಕೊಟ್ಟರು. ಚೈನು ಜಾರದೆ ಇದ್ದಿದ್ದರೆ ಟೂರ್ಮಲೆಯ ಮೇಲೆ ಪಾತ್ರಗಳು ಅದಲು ಬದಲಾಗುತ್ತಿದ್ದವು: ಹಿಂದಿದ್ದ ಕೊಂಟಡೋರ್ ದಾಳಿ ಮಾಡಬೇಕಿತ್ತು, ಶ್ಲೆಕ್ ಅಂಟಿಕೊಳ್ಳಬೇಕಿತ್ತು. ಆ ದಾಳಿಯ ಫಲವೇನೆಂದು ಯಾವ ಅಂಕಿಯೂ ಹೇಳದು. (ಮುಂದೆ ಕ್ಲೆನ್‌ಬ್ಯುಟೆರಾಲ್ ಎಂಬ ನಿಷೇಧಿತ ಮದ್ದಿನ ಪ್ರಕರಣದಲ್ಲಿ ಕೊಂಟಡೋರ್ ಅವರ ಪ್ರಶಸ್ತಿ ರದ್ದಾಗಿ, 2012ರಲ್ಲಿ ಅದು ಶ್ಲೆಕ್ ಅವರ ಪಾಲಾಯಿತು, ರಸ್ತೆಯಲ್ಲಿ ತೀರದ ವಾದ ಕ್ರೀಡಾ ನ್ಯಾಯಮಂಡಳಿಯಲ್ಲಿ ತೀರಿತು.)

ಹಿಂದಿರುವವನು ದಾಳಿ ಮಾಡಬೇಕು, ಮುಂದಿರುವವನು ಕಾದರೆ ಸಾಕು ಎಂಬ ಈ ನಿಯಮದ ಬೇರು ಗಾಳಿಯಲ್ಲಿದೆ. ಸಮತಟ್ಟಿನಲ್ಲಿ ಗಂಟೆಗೆ 40 ಕಿಲೋಮೀಟರಿಗಿಂತ ವೇಗವಾಗಿ ಹೋಗುವ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ; ಇನ್ನೊಬ್ಬನ ಬೆನ್ನ ಹಿಂದೆ ಮರೆಯಾಗಿ ಹೋಗುವವನಿಗೆ ಅದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ಉಳಿತಾಯವಾಗುತ್ತದೆ. ಕಡಿದಾದ ಏರಿನಲ್ಲಿ ವೇಗ ತಗ್ಗುವುದರಿಂದ ಈ ಲಾಭ ಸಣ್ಣದಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ಆದ್ದರಿಂದ ಯಾರು ಯಾರ ಹಿಂದೆ ಹೋಗುತ್ತಾರೆ ಎಂಬುದನ್ನು ಕಾಲಿನ ಬಲದಷ್ಟೇ ಒಟ್ಟು ಸಮಯದ ಅಂಕಪಟ್ಟಿಯೂ ನಿರ್ಧರಿಸುತ್ತದೆ. ಅಂಕಪಟ್ಟಿಯಲ್ಲಿ ಒಂದು ಸಾಲನ್ನು ನಾವು ಕಲ್ಪನೆಯಲ್ಲಿ ತಿದ್ದಿದ ಕೂಡಲೇ, ಮುಂದಿನ ಎಲ್ಲ ದಿನಗಳಲ್ಲೂ ಗಾಳಿಗೆ ಎದೆ ಕೊಡುವವರು ಬೇರೆಯವರಾಗುತ್ತಾರೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. 1971ರ ಜುಲೈ 8ರಂದು ಓರ್ಸಿಯೇರ್-ಮೆರ್ಲೆಟ್‌ಗೆ ಏರಿದ ಹಂತದಲ್ಲಿ ಒಕಾನ್ಯ ಒಬ್ಬರೇ ಮುಂದೆ ಹೋಗಿ ಮರ್ಕ್ಸ್ ಅವರಿಗಿಂತ 8 ನಿಮಿಷ 42 ಸೆಕೆಂಡು ಮೊದಲೇ ಗುರಿ ಮುಟ್ಟಿದರು. ಹಿಂದಿನ ಎರಡು ಟೂರ್‌ಗಳನ್ನು ಗೆದ್ದಿದ್ದ ಮರ್ಕ್ಸ್ ಅವರನ್ನು ಅಷ್ಟು ದುರ್ಬಲರಾಗಿ ಅದಕ್ಕೂ ಮುನ್ನ ಯಾರೂ ನೋಡಿರಲಿಲ್ಲ. ಆದರೆ ವಿಶ್ರಾಂತಿಯ ದಿನ ಕಳೆದ ಮೇಲೆ ಮಾರ್ಸೇ ಕಡೆಗಿನ ಹಂತದಲ್ಲಿ ಅವರು ಹೊರಟ ಗಳಿಗೆಯಿಂದಲೇ ದಾಳಿ ಮಾಡಿ, ಇಡೀ ದಿನ ಬೆನ್ನಟ್ಟಿಸಿಕೊಂಡು, ಸುಮಾರು ಎರಡು ನಿಮಿಷವನ್ನು ಹಿಂದಕ್ಕೆ ಕಿತ್ತುಕೊಂಡರು. ಅಷ್ಟೊಂದು ದೂರದ ದುಡಿಮೆಗೆ ಅಷ್ಟೇ ಲಾಭವೇ ಎಂದು ನಕ್ಕವರಿರಬಹುದು. ನನ್ನ ದೃಷ್ಟಿಯಲ್ಲಿ ಆ ದಿನದ ನಿಜವಾದ ಗಳಿಕೆ ಒಕಾನ್ಯ ಅವರ ಮನಸ್ಸಿನಲ್ಲಿ ಆಯಿತು. ಇನ್ನು ಒಂದು ಗಂಟೆಯೂ ತಾನು ನಿಶ್ಚಿಂತೆಯಿಂದ ಸೈಕಲ್ ತುಳಿಯುವಂತಿಲ್ಲ ಎಂಬುದು ಅವರಿಗೆ ಅರ್ಥವಾಯಿತು.

ಜುಲೈ 12ರಂದು ಪಿರನೀಸ್‌ನ ಕೋಲ್ ಡಿ ಮಾಂತೆಯನ್ನು ಏರುವಾಗ ಒಕಾನ್ಯ 7 ನಿಮಿಷ 23 ಸೆಕೆಂಡು ಮುಂದಿದ್ದರು. ಸಿಡಿಲು ಮಳೆ ಸುರಿಯಿತು, ಇಳಿಜಾರಿನ ರಸ್ತೆ ಕೆಸರಿನ ಹೊಳೆಯಾಯಿತು. ಮರ್ಕ್ಸ್ ಆ ಇಳಿಜಾರಿನಲ್ಲೇ ಮುನ್ನುಗ್ಗಿದರು, ಒಂದು ತಿರುವಿನಲ್ಲಿ ಜಾರಿ ಬಿದ್ದರು, ಎದ್ದು ಹೊರಟರು. ಅವರ ಬೆನ್ನಿಗಿದ್ದ ಒಕಾನ್ಯ ಅಲ್ಲೇ ಬಿದ್ದರು; ಏಳುತ್ತಿದ್ದ ಅವರಿಗೆ ಹಿಂದಿನಿಂದ ಬಂದ ಯೂಪ್ ಝೂಟೆಮೆಲ್ಕ್ ಡಿಕ್ಕಿ ಹೊಡೆದರು. ಒಕಾನ್ಯ ಅವರನ್ನು ಆಸ್ಪತ್ರೆಗೆ ಒಯ್ಯಲಾಯಿತು. ಮರುದಿನ ಮರ್ಕ್ಸ್ ಹಳದಿ ಜೆರ್ಸಿಯನ್ನು ತೊಡಲು ಒಪ್ಪಲಿಲ್ಲ.

ಇಲ್ಲಿ ‘ಬೀಳದಿದ್ದರೆ’ ಎನ್ನುವಾಗ ನಾವು ಎರಡು ಬೇರೆ ಬೇರೆ ಮಾತುಗಳನ್ನು ಒಂದಾಗಿಸುತ್ತೇವೆ. ಮಳೆಯೇ ಬಾರದಿದ್ದರೆ ಎಂಬುದು ಒಂದು. ಅಂಥ ದಿನ ಏಳು ನಿಮಿಷಗಳ ಅಂತರವನ್ನು ಪಿರನೀಸ್‌ನಲ್ಲಿ ಉಳಿದಿದ್ದ ಏರುಗಳಲ್ಲೂ ಕೊನೆಯ ಟೈಮ್ ಟ್ರಯಲ್‌ನಲ್ಲೂ ತುಂಬಿಕೊಳ್ಳುವುದು ಮರ್ಕ್ಸ್ ಅವರಿಗೂ ಆಗುತ್ತಿರಲಿಲ್ಲ ಎಂದೇ ನನ್ನ ಎಣಿಕೆ. ಆ ವರ್ಷ ಏರುಗಳಲ್ಲಿ ಒಕಾನ್ಯ ಅವರೇ ಮೇಲಾಗಿದ್ದರು. ಮಳೆ ಬಂದೂ ಒಕಾನ್ಯ ಬೀಳದೆ ಉಳಿದಿದ್ದರೆ ಎಂಬುದು ಇನ್ನೊಂದು. ಏಳು ನಿಮಿಷ ಕೈಯಲ್ಲಿದ್ದವರು ಮಳೆಯ ಇಳಿಜಾರಿನಲ್ಲಿ ಮರ್ಕ್ಸ್ ಅವರನ್ನು ಹೋಗಗೊಟ್ಟು, ಅರ್ಧ ನಿಮಿಷ ಕಳೆದುಕೊಂಡು, ಸುಖವಾಗಿ ಇಳಿಯಬಹುದಿತ್ತು. ಹಾಗೆ ಮಾಡಲು ಅವರಿಂದ ಆಗಲಿಲ್ಲ. ಅವರ ಸ್ವಾಭಿಮಾನಕ್ಕೆ ಅದು ಒಗ್ಗುತ್ತಿರಲಿಲ್ಲ. ಮಾರ್ಸೇ ದಾರಿಯ ನೆನಪೂ ಬಿಡುತ್ತಿರಲಿಲ್ಲ. ಆ ಬೀಳುವಿಕೆಯಲ್ಲಿ ಅದೃಷ್ಟದ ಪಾಲಿದೆ, ನಿಜ, ಆದರೆ ಮರ್ಕ್ಸ್ ಅವರ ಪಾಲೂ ಇದೆ. 1973ರಲ್ಲಿ ಒಕಾನ್ಯ 15 ನಿಮಿಷ 51 ಸೆಕೆಂಡುಗಳ ಅಂತರದಿಂದ ಟೂರ್ ಗೆದ್ದಾಗ ಮರ್ಕ್ಸ್ ಆ ಸ್ಪರ್ಧೆಗೇ ಬಂದಿರಲಿಲ್ಲ. ಅದೇ ವರ್ಷ ಸ್ಪೇನಿನ ವುಲ್ಟಾ ಸ್ಪರ್ಧೆಯಲ್ಲಿ ಇಬ್ಬರೂ ಎದುರಾದಾಗ ಗೆದ್ದವರು ಮರ್ಕ್ಸ್, ಎರಡನೆಯವರು ಒಕಾನ್ಯ.

ಪೈಪೋಟಿ ಎಂಬುದು ಸವಾರನ ತೀರ್ಮಾನಗಳನ್ನು ಎಷ್ಟರ ಮಟ್ಟಿಗೆ ತಿರುಚಬಲ್ಲದು ಎಂಬುದಕ್ಕೆ 1948ರ ವಿಶ್ವ ಚಾಂಪಿಯನ್‌ಷಿಪ್ ಸಾಕ್ಷಿ. ನೆದರ್ಲೆಂಡ್ಸ್‌ನ ವಾಲ್ಕೆನ್‌ಬುರ್ಗ್‌ನಲ್ಲಿ ಇಟಲಿಯ ಒಂದೇ ತಂಡದಲ್ಲಿದ್ದ ಜೀನೊ ಬಾರ್ತಲಿ ಮತ್ತು ಫೌಸ್ಟೊ ಕೊಪ್ಪಿ ಒಬ್ಬರನ್ನೊಬ್ಬರು ಕಾಯುತ್ತಲೇ ಹಿಂದುಳಿದರು. ಕೊನೆಗೆ ಇಬ್ಬರೂ ಸ್ಪರ್ಧೆಯನ್ನೇ ತೊರೆದರು. ತಾನು ಗೆಲ್ಲದಿದ್ದರೂ ಸರಿ, ಅವನು ಗೆಲ್ಲಬಾರದು. ಅವರ ದೇಶದ ಸೈಕ್ಲಿಂಗ್ ಒಕ್ಕೂಟ ಇಬ್ಬರನ್ನೂ ಅಮಾನತು ಮಾಡಿತು. ಇವರಲ್ಲಿ ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರು ಅಂದು ಗೆಲ್ಲುತ್ತಿದ್ದರೋ ಏನೋ, ಆದರೆ ಸ್ಪರ್ಧೆಯನ್ನು ಮುಗಿಸುತ್ತಿದ್ದರೆಂದು ಧೈರ್ಯವಾಗಿ ಹೇಳಬಹುದು.

ನೀವು ಕೇಳದಿದ್ದರೂ 1964ನ್ನು ಬಿಟ್ಟು ಮುಂದೆ ಹೋಗಲಾರೆ, ಏಕೆಂದರೆ ಕೂಡಿ ಕಳೆಯುವ ಲೆಕ್ಕ ಅತಿ ಹೆಚ್ಚು ಮರುಳು ಮಾಡುವುದು ಅಲ್ಲಿ. ಜಾಕ್ ಆಂಕೆಟಿಲ್ ಅವರು ರೇಮಂ ಪುಲಿಡೋರ್ ಅವರನ್ನು ಸೋಲಿಸಿದ್ದು 55 ಸೆಕೆಂಡುಗಳಿಂದ. ಮೊನಾಕೊದಲ್ಲಿ ಮುಗಿದ ಹಂತದಲ್ಲಿ ಪುಲಿಡೋರ್ ಕ್ರೀಡಾಂಗಣದ ಟ್ರ್ಯಾಕಿನಲ್ಲಿ ಇನ್ನೂ ಒಂದು ಸುತ್ತು ಬಾಕಿ ಇರುವುದನ್ನು ಮರೆತು ಮೊದಲೇ ಸ್ಪ್ರಿಂಟ್ ಮಾಡಿ ಮುಗಿಸಿಬಿಟ್ಟರು. ಹಂತವನ್ನೂ ಒಟ್ಟು ಸಮಯದಿಂದ ಕಳೆಯುವ ಒಂದು ನಿಮಿಷದ ಬೋನಸನ್ನೂ ಆಂಕೆಟಿಲ್ ಪಡೆದರು. 60 ಎಂಬುದು 55ಕ್ಕಿಂತ ದೊಡ್ಡದು, ಆದ್ದರಿಂದ ಪುಲಿಡೋರ್ ಟೂರನ್ನು ಸೋತದ್ದು ಮೊನಾಕೊದಲ್ಲಿ ಎಂದು ಇಂದಿಗೂ ಹೇಳುವವರಿದ್ದಾರೆ. ಆದರೆ ಜುಲೈ 12ರಂದು ಪ್ಯೂಯಿ ಡಿ ಡೋಮ್ ಏರಿನಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ತುಳಿದ ಆ ಪ್ರಸಿದ್ಧ ದೃಶ್ಯ ಹುಟ್ಟಿದ್ದೇ ಆಂಕೆಟಿಲ್ ಮುಂದಿದ್ದರು ಎಂಬ ಕಾರಣದಿಂದ. ಅವರು ಸುಸ್ತಾಗಿದ್ದರು, ಹಿಂದೆ ಸರಿದರೆ ಗುಟ್ಟು ಬಯಲಾಗುತ್ತದೆಂದು ಪಕ್ಕದಲ್ಲೇ ಉಳಿದು ಸುಸ್ತನ್ನು ಮುಚ್ಚಿಟ್ಟರು. ಪುಲಿಡೋರ್ ಅದನ್ನು ನಂಬಿ ತಡಮಾಡಿದರು. ಕೊನೆಗೆ ಅವರು ಬಿಡಿಸಿಕೊಂಡು ಹೋದಾಗ ರಸ್ತೆ ಮುಗಿಯುತ್ತ ಬಂದಿತ್ತು, ಆಂಕೆಟಿಲ್ ಅವರ ಬಳಿ ಇನ್ನೂ 14 ಸೆಕೆಂಡು ಉಳಿದಿತ್ತು. ಪ್ಯಾರಿಸ್‌ನ ಟೈಮ್ ಟ್ರಯಲ್‌ನಲ್ಲಿ ಆ 14 ಎಂಬುದು 55 ಆಯಿತು. ಮೊನಾಕೊದ ತಪ್ಪು ನಡೆಯದೆ ಪುಲಿಡೋರ್ ಮುಂದಿದ್ದಿದ್ದರೆ ಪ್ಯೂಯಿ ಡಿ ಡೋಮ್‌ನಲ್ಲಿ ಆಂಕೆಟಿಲ್ ಮುಚ್ಚಿಡುವುದಕ್ಕೆ ಏನೂ ಇರುತ್ತಿರಲಿಲ್ಲ. ಹಿಂದಿದ್ದು ಹವಣಿಸುವುದು ಅವರಿಗೆ ಹೊಸದೂ ಅಲ್ಲ. ಪುಲಿಡೋರ್ ಎಂಟು ಬಾರಿ ಮೊದಲ ಮೂರರಲ್ಲಿ ನಿಂತರೂ ಒಂದು ದಿನವೂ ಹಳದಿ ಜೆರ್ಸಿ ತೊಡಲಿಲ್ಲ. ಅದನ್ನು ತೊಟ್ಟವರು ಅವರ ಮೊಮ್ಮಗ ಮಾಥ್ಯೂ ವಾನ್ ಡರ್ ಪೂಲ್, 2021ರಲ್ಲಿ, ಅಜ್ಜ ತೀರಿಕೊಂಡ ಎರಡನೆಯ ವರ್ಷದಲ್ಲಿ.

1989ರ ವಿಚಾರದಲ್ಲಿ ಎರಡು ‘ಒಂದು ವೇಳೆ’ಗಳು ಪಕ್ಕಪಕ್ಕದಲ್ಲೇ ಇವೆ, ಮತ್ತು ಅವು ಒಂದೇ ಜಾತಿಯವಲ್ಲ. ಹಿಂದಿನ ವರ್ಷದ ವಿಜೇತ ಡೆಲ್ಗಾಡೊ ಲಕ್ಸೆಂಬರ್ಗ್‌ನಲ್ಲಿ ನಡೆದ ಮೊದಲ ದಿನದ ಪ್ರೊಲಾಗ್ ಎಂಬ ಚಿಕ್ಕ ಟೈಮ್ ಟ್ರಯಲ್‌ಗೆ 2 ನಿಮಿಷ 40 ಸೆಕೆಂಡು ತಡವಾಗಿ ಬಂದರು. ಮರುದಿನದ ತಂಡದ ಟೈಮ್ ಟ್ರಯಲ್‌ನಲ್ಲಿ ಅವರ ಕಾಲು ಸೋತಿತು. ಎರಡೇ ದಿನದಲ್ಲಿ ಅವರು ಏಳು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದು ಪಟ್ಟಿಯ ಕಟ್ಟಕಡೆಗೆ ಇಳಿದರು. ಪ್ಯಾರಿಸ್‌ನಲ್ಲಿ ಅವರು ಮೂರನೆಯವರು, ವಿಜೇತ ಲೆಮಾಂಡ್ ಅವರಿಗಿಂತ 3 ನಿಮಿಷ 34 ಸೆಕೆಂಡು ಹಿಂದೆ. ಲೆಕ್ಕ ಸುಲಭವಾಗಿ ಕಾಣುತ್ತದೆ. ಆದರೆ ಸೂಪರ್‌ಬಾನ್ಯೇರ್ ಏರಿಗೆ ಹೋದ ದಿನ ಡೆಲ್ಗಾಡೊ ಮುಂಚೆಯೇ ಹೊರಟು ಹೋಗಿ ಲೆಮಾಂಡ್ ಮತ್ತು ಲೊರಾಂ ಫಿನ್ಯೊ ಇಬ್ಬರ ಮೇಲೂ ಮೂರು ನಿಮಿಷಕ್ಕೂ ಹೆಚ್ಚು ಗಳಿಸಿದ್ದನ್ನು ಮರೆಯಬಾರದು. ಆ ದಿನ ಲೆಮಾಂಡ್ ಮತ್ತು ಫಿನ್ಯೊ ನಡುವೆ ಇದ್ದದ್ದು ಬರೀ 5 ಸೆಕೆಂಡು. ಇಬ್ಬರ ಕಣ್ಣೂ ಪರಸ್ಪರರ ಮೇಲೇ ಇತ್ತು. ಡೆಲ್ಗಾಡೊ ಮೊದಲ ದಿನ ಸರಿಯಾದ ಹೊತ್ತಿಗೆ ಬಂದು ಅವರಿಬ್ಬರ ಸಮಕ್ಕೆ ಇದ್ದಿದ್ದರೆ ಅಷ್ಟು ದೂರ ಹೋಗಲು ಅವರನ್ನು ಬಿಡುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತಡವಾದದ್ದರ ನಷ್ಟದ ಒಂದು ಭಾಗವನ್ನು ಅವರು ಮರಳಿ ಪಡೆದದ್ದೇ ತಡವಾದದ್ದರಿಂದ.

ಎರಡನೆಯದು ಕೊನೆಯ ದಿನದ್ದು. ವೆರ್ಸಾಯ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್. ಫಿನ್ಯೊ 50 ಸೆಕೆಂಡು ಮುಂದಿದ್ದರು. ಲೆಮಾಂಡ್ ಟ್ರಯಥ್ಲಾನ್ ಹ್ಯಾಂಡಲ್ ಮೇಲೆ ತೋಳು ಚಾಚಿ, ಗಾಳಿ ಸೀಳುವ ಹೆಲ್ಮೆಟ್ ತೊಟ್ಟು 26 ನಿಮಿಷ 57 ಸೆಕೆಂಡಿನಲ್ಲಿ ಬಂದರು, ಗಂಟೆಗೆ ಸರಾಸರಿ 54.5 ಕಿಲೋಮೀಟರ್. ಫಿನ್ಯೊ ಹಳೆಯ ಬಗೆಯ ಹ್ಯಾಂಡಲ್ ಹಿಡಿದು, ಬರಿತಲೆಯಲ್ಲಿ, ಕೂದಲ ಜುಟ್ಟು ಹಾರಿಸುತ್ತ, ಕುಳಿತ ಜಾಗದಲ್ಲಿ ಹುಣ್ಣಿನ ನೋವನ್ನು ನುಂಗುತ್ತ 27 ನಿಮಿಷ 55 ಸೆಕೆಂಡಿನಲ್ಲಿ ಬಂದರು. ಅವರದು ಕಳಪೆ ಸವಾರಿಯಲ್ಲ. ಅಂದಿನ ಹಂತದಲ್ಲಿ ಅವರೇ ಮೂರನೆಯವರು. ಟೂರನ್ನು 8 ಸೆಕೆಂಡಿನಿಂದ ಸೋತರು.

ಇದು ಉತ್ತರಿಸಬಹುದಾದ ಪ್ರಶ್ನೆ. ಟೈಮ್ ಟ್ರಯಲ್‌ನಲ್ಲಿ ಪ್ರತಿಯೊಬ್ಬನೂ ಒಂಟಿ. ಯಾರೂ ಯಾರ ಮರೆಯಲ್ಲೂ ಅಡಗುವಂತಿಲ್ಲ. ಅದರಾಚೆಗೆ ಮರುದಿನ ಎಂಬುದೂ ಇರಲಿಲ್ಲ. 8 ಸೆಕೆಂಡು ಎಂದರೆ ಫಿನ್ಯೊ ಅವರ ಸಮಯದ ಶೇಕಡಾ ಅರ್ಧ. ಆ ವೇಗದಲ್ಲಿ ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಅಷ್ಟನ್ನು ಗಳಿಸಲು ಶೇಕಡಾ ಒಂದೂವರೆಯಷ್ಟು ಶಕ್ತಿ, ಅಥವಾ ಅಷ್ಟೇ ಪ್ರಮಾಣದಲ್ಲಿ ಗಾಳಿಯ ತಡೆ ಕಡಿಮೆಯಾಗುವುದು, ಸಾಕಿತ್ತು. ತೋಳುಗಳನ್ನು ಒಟ್ಟುಗೂಡಿಸಿ ಬೆನ್ನನ್ನು ಬಗ್ಗಿಸುವ ಹ್ಯಾಂಡಲ್ಲಿನಿಂದ ಇದಕ್ಕಿಂತ ಹೆಚ್ಚು ಉಳಿತಾಯವಾಗುತ್ತದೆ. ಆದ್ದರಿಂದ ಫಿನ್ಯೊ ಅಂದು ಅದನ್ನು ಒಗ್ಗಿಸಿಕೊಂಡು ಬಳಸಿದ್ದರೆ, ಅಥವಾ ನೋವಿಲ್ಲದೆ ಸೀಟಿನ ಮೇಲೆ ಕೂರುವಂತಿದ್ದರೆ, ಅವರೇ ಗೆಲ್ಲುತ್ತಿದ್ದರು ಎನ್ನಲು ನನಗೆ ಅಂಜಿಕೆಯಿಲ್ಲ. ಆದರೆ ‘ಲೆಮಾಂಡ್‌ಗೆ ಆ ಹ್ಯಾಂಡಲ್ಲನ್ನೇ ಬಳಸಗೊಡದಿದ್ದರೆ’ ಎಂದು ಪ್ರಶ್ನೆಯನ್ನು ತುಸು ತಿರುಗಿಸಿ ನೋಡಿ, ಅದು ಕೂಡಲೇ ಕೈ ತಪ್ಪಿ ಹೋಗುತ್ತದೆ. ಐದನೆಯ ಹಂತದ 73 ಕಿಲೋಮೀಟರ್ ಟೈಮ್ ಟ್ರಯಲ್‌ನಲ್ಲೂ ಲೆಮಾಂಡ್ ಅದನ್ನೇ ಬಳಸಿ ಫಿನ್ಯೊ ಅವರ ಮೇಲೆ 56 ಸೆಕೆಂಡು ಗಳಿಸಿ ಹಳದಿ ಜೆರ್ಸಿ ತೊಟ್ಟಿದ್ದರು. ಅದಿಲ್ಲದಿದ್ದರೆ ಅವರು ಐದನೆಯ ದಿನದಿಂದಲೇ ಹಿಂದಿದ್ದು, ಪರ್ವತಗಳಲ್ಲಿ ತಾವೇ ದಾಳಿ ಮಾಡಬೇಕಾಗುತ್ತಿತ್ತು. ಲೆಮಾಂಡ್ ತನ್ನ ಬೆನ್ನ ಹಿಂದೆಯೇ ಕೂತು ಬರುತ್ತಾರೆಂದು ಫಿನ್ಯೊ ದೂರುತ್ತಿದ್ದರಲ್ಲ, ಆ ದೂರಿಗೆ ಆಗ ಆಸ್ಪದವೇ ಇರುತ್ತಿರಲಿಲ್ಲ.

ಇತ್ತೀಚಿನ ಪೈಪೋಟಿಗಳಲ್ಲೂ ಇದೇ ಕಥೆ. 2020ರಲ್ಲಿ ತಾಡೇಯ್ ಪೊಗಾಚಾರ್ ಲಾವೂರ್‌ಗೆ ಹೋದ ಹಂತದಲ್ಲಿ ಅಡ್ಡಗಾಳಿಗೆ ಗುಂಪು ಒಡೆದಾಗ 1 ನಿಮಿಷ 21 ಸೆಕೆಂಡು ಕಳೆದುಕೊಂಡರು. ಮರುದಿನ ಪೆರಸೂರ್ದ್ ಏರಿನಲ್ಲಿ ಅವರು ಹೊರಟಾಗ ಪ್ರಿಮೊಜ್ ರೊಗ್ಲಿಚ್ ಅವರ ಗುಂಪು ಪ್ರಾಣ ಒತ್ತೆಯಿಟ್ಟು ಬೆನ್ನಟ್ಟಲಿಲ್ಲ. ಸುಮಾರು 40 ಸೆಕೆಂಡು ಅವರ ಕೈಗೆ ಮರಳಿತು. ಕೊನೆಗೆ ಪ್ಲಾಂಶ್ ಡೆ ಬೆಲ್ ಫೀಯ್‌ನ 36.2 ಕಿಲೋಮೀಟರ್ ಟೈಮ್ ಟ್ರಯಲ್‌ನಲ್ಲಿ 57 ಸೆಕೆಂಡು ಹಿಂದಿದ್ದವರು 59 ಸೆಕೆಂಡು ಮುಂದಾದರು. ಲಾವೂರ್‌ನ ನಷ್ಟ ಆಗದಿದ್ದರೆ ಅವರು ಇನ್ನೂ ದೊಡ್ಡ ಅಂತರದಿಂದ ಗೆಲ್ಲುತ್ತಿದ್ದರು ಎನ್ನುವುದು ಸರಿಯಲ್ಲ. ಮೊದಲಿನಿಂದಲೂ ಹತ್ತಿರವಿದ್ದ ಪೊಗಾಚಾರ್ ಅವರನ್ನು ರೊಗ್ಲಿಚ್ ಅವರ ಬಲಿಷ್ಠ ತಂಡ ಅಷ್ಟು ಉದಾರವಾಗಿ ನಡೆಸಿಕೊಳ್ಳುತ್ತಿರಲಿಲ್ಲ.

ಪೊಗಾಚಾರ್ ಮತ್ತು ಯೋನಾಸ್ ವಿಂಗೆಗಾರ್ಡ್ ಅವರ ಅಭಿಮಾನಿಗಳ ಬಳಿ ತಲಾ ಒಂದು ‘ಒಂದು ವೇಳೆ’ ಇದೆ: 2023ರ ಏಪ್ರಿಲ್‌ನಲ್ಲಿ ಲಿಯೇಜ್ ಸ್ಪರ್ಧೆಯಲ್ಲಿ ಮಣಿಕಟ್ಟು ಮುರಿದುಕೊಂಡವರು ಪೊಗಾಚಾರ್, 2024ರ ಏಪ್ರಿಲ್ 4ರಂದು ಬಾಸ್ಕ್ ಸ್ಪರ್ಧೆಯಲ್ಲಿ ಬಿದ್ದು ಕೊರಳೆಲುಬು, ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೂ ಪೆಟ್ಟು ಮಾಡಿಕೊಂಡವರು ವಿಂಗೆಗಾರ್ಡ್. ಮೊದಲನೆಯ ವರ್ಷ ವಿಂಗೆಗಾರ್ಡ್ 7 ನಿಮಿಷ 29 ಸೆಕೆಂಡಿನಿಂದ, ಎರಡನೆಯ ವರ್ಷ ಪೊಗಾಚಾರ್ 6 ನಿಮಿಷ 17 ಸೆಕೆಂಡಿನಿಂದ ಗೆದ್ದರು. ಇವೆರಡನ್ನೂ ಒಂದಕ್ಕೊಂದು ವಜಾ ಮಾಡಿ ‘ಸಮ’ ಎನ್ನುವುದು ಸೋಮಾರಿತನ. 2023ರಲ್ಲಿ 15 ಹಂತಗಳ ನಂತರವೂ ಅಂತರ 10 ಸೆಕೆಂಡು ಮಾತ್ರವಿತ್ತು. ಅದು ಒಡೆದದ್ದು ಮೂರನೆಯ ವಾರದ ಟೈಮ್ ಟ್ರಯಲ್‌ನಲ್ಲಿ ಮತ್ತು ಮರುದಿನ ಕೋಲ್ ಡಿ ಲಾ ಲೋಝ್‌ನಲ್ಲಿ. ತರಬೇತಿಯ ವಾರಗಳು ಕೈತಪ್ಪಿದರೆ ಅದರ ಬೆಲೆ ತೆರಬೇಕಾಗುವುದು ಹೆಚ್ಚಾಗಿ ಮೂರನೆಯ ವಾರದಲ್ಲೇ, ಆದ್ದರಿಂದ ಮಣಿಕಟ್ಟಿನ ವಾದದಲ್ಲಿ ಹುರುಳಿದೆ. ಏಳು ನಿಮಿಷಗಳಷ್ಟು ಹುರುಳಿದೆ ಎಂದು ಮಾತ್ರ ನಾನು ನಂಬಲಾರೆ.

ಕೊನೆಗೆ ಲೆಮಾಂಡ್ ಮತ್ತು 1987. ಹಿಂದಿನ ವರ್ಷ ತಮ್ಮದೇ ತಂಡದ ಬರ್ನಾರ್ ಇನೊ ಅವರೊಂದಿಗೆ ಸೆಣಸಿ, 3 ನಿಮಿಷ 10 ಸೆಕೆಂಡಿನಿಂದ ಅವರನ್ನು ಮೀರಿಸಿ ಟೂರ್ ಗೆದ್ದಿದ್ದ ಲೆಮಾಂಡ್, 1987ರ ಏಪ್ರಿಲ್ 20ರಂದು ಬೇಟೆಯ ವೇಳೆ ಸಂಬಂಧಿಯೊಬ್ಬರ ಬಂದೂಕಿನಿಂದ ಆಕಸ್ಮಿಕವಾಗಿ ಗುಂಡೇಟು ತಿಂದರು. ಚರೆಗಳಲ್ಲಿ ಹಲವು ಅವರ ದೇಹದಲ್ಲೇ ಉಳಿದವು. ಎರಡು ಟೂರ್‌ಗಳು ಅವರಿಲ್ಲದೆ ನಡೆದವು. ಇದು ಬೀಳುವಿಕೆಯಂಥ ಅಥವಾ ತಡವಾದಂಥ ಘಟನೆಯಲ್ಲ, ಇದು ಗೈರುಹಾಜರಿ. ಇಲ್ಲಿ ಕಳೆಯುವುದಕ್ಕೆ ಸೆಕೆಂಡುಗಳೇ ಇಲ್ಲ. ಇನೊ ನಿವೃತ್ತರಾಗಿದ್ದರು, ಲೆಮಾಂಡ್ ಅವರಿಗೆ ಇಪ್ಪತ್ತಾರು ವಯಸ್ಸು, 1987ರ ಟೂರ್ ಕೇವಲ 40 ಸೆಕೆಂಡುಗಳಿಂದ ಸ್ಟೀಫನ್ ರೋಚ್ ಅವರ ಪಾಲಾಯಿತು. ಆ ವರ್ಷ ಆರೋಗ್ಯವಂತ ಲೆಮಾಂಡ್ ಗೆಲ್ಲುವ ಸಂಭವ ಉಳಿದ ಯಾರಿಗಿಂತಲೂ ಹೆಚ್ಚಿತ್ತು ಎಂದು ನಾನೂ ಒಪ್ಪುತ್ತೇನೆ. ಹಾಗೆ ಒಪ್ಪಿದ ಕೂಡಲೇ, ಒಂದೇ ವರ್ಷ ಇಟಲಿಯ ಜೀರೊ, ಟೂರ್ ಮತ್ತು ವಿಶ್ವ ಚಾಂಪಿಯನ್‌ಷಿಪ್ ಮೂರನ್ನೂ ಗೆದ್ದ ರೋಚ್ ಅವರ ಸಾಧನೆಯನ್ನು ನಾವು ಸದ್ದಿಲ್ಲದೆ ಅಳಿಸಿದಂತಾಯಿತು ಎಂಬುದನ್ನು ಗಮನಿಸಿ. 1988ರ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಆ ವರ್ಷ ಡೆಲ್ಗಾಡೊ ಪರ್ವತಗಳಲ್ಲಿ ಬಹಳ ಗಟ್ಟಿಯಾಗಿದ್ದರು.

ಐದು ಎಂಬ ಸಂಖ್ಯೆ ಬರುವುದು ಈ ಎರಡನ್ನು ಅವರು ನಿಜವಾಗಿ ಗೆದ್ದ 1986, 1989, 1990ಕ್ಕೆ ಕೂಡಿಸಿದಾಗ. ತಪ್ಪಾಗುವುದು ಈ ಕೂಡಿಕೆಯಲ್ಲೇ. 1989ರಲ್ಲಿ ಲೆಮಾಂಡ್ ಎಡಿಆರ್ ಎಂಬ ಸಾಧಾರಣ ಬೆಲ್ಜಿಯನ್ ತಂಡದಲ್ಲಿದ್ದದ್ದು, ಗುಂಡೇಟಿನ ನಂತರದ ವರ್ಷಗಳು ಅವರಿಗೆ ಸುಗಮವಾಗಿರಲಿಲ್ಲವಾದ್ದರಿಂದ. ಪರ್ವತಗಳಲ್ಲಿ ಜೊತೆಗಾರರಿಲ್ಲದೆ ಅವರು ಫಿನ್ಯೊ ಅವರ ಹಿಂಚಕ್ರವನ್ನು ನೆಚ್ಚಿಕೊಂಡದ್ದು ಆ ಬಡ ತಂಡದಿಂದ. ಎರಡು ಟೂರ್‌ಗಳನ್ನು ಹೆಚ್ಚಿಗೆ ಗೆದ್ದು, ಬಲವಾದ ತಂಡದ ನಾಯಕರಾಗಿ ಬರುತ್ತಿದ್ದ ಆ ಇನ್ನೊಬ್ಬ ಲೆಮಾಂಡ್‌ಗೆ ಕೊನೆಯ ದಿನದವರೆಗೂ ಫಿನ್ಯೊ ಅವರ ಬೆನ್ನು ಕಾಯಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ, ಅಥವಾ ಎಲ್ಲ ತಂಡಗಳೂ ಸೇರಿ ಅವರನ್ನು ಮೊದಲ ವಾರದಲ್ಲೇ ಕಟ್ಟಿಹಾಕುತ್ತಿದ್ದವು. 1989 ಅವರದೇ ಆಗುತ್ತಿತ್ತೋ ಇಲ್ಲವೋ ನಾನರಿಯೆ; ಅದು 8 ಸೆಕೆಂಡಿನ ಟೂರ್ ಅಂತೂ ಆಗುತ್ತಿರಲಿಲ್ಲ.